ಪ್ರಣಯವಂಚಕನೂ ಮೂವರು ಸ್ತ್ರೀಯರೂ

ಸಿನಿಮಾ ನೋಡುವ ಚಾಪಲ್ಯವು ನಮ್ಮಲ್ಲಿ ಎಂದೂ ಪ್ರಬಲವಾಗಿದ್ದುದಿಲ್ಲ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಪ್ರೌಢಶಾಲೆಯ ಹುಡುಗರಿಗೆ ರಾಮಶಬ್ದವನ್ನೂ ಸವರ್ಣದೀರ್ಘಸಂಧಿಯನ್ನೂ ಬಾಯಿಪಾಠ ಮಾಡಿಸುತ್ತ ಬಂದವರಿಗೆ, ಸಂಜೆಯ ಹೊತ್ತು ಯಾರ ಮಾತೂ ಕೇಳಿಸದಂತೆ ಕುಳಿತಿರುವುದೇ ಪರಮ ವಿನೋದವಾಗಿ ತೋರುತ್ತಿದ್ದಿತು. ಆದರೆ ನಿವೃತ್ತರಾದ ಮೇಲೆ, ಮನೆಯ ಮಕ್ಕಳು ನೋಡುವುದನ್ನು ನಾವೂ ನೋಡಬೇಕಾಗಿ ಬಂದಿದೆ. ನೋಡಿದ ಮೇಲೆ ಸುಮ್ಮನಿರಲಾರದ ದುರಭ್ಯಾಸವೂ ಬೆಳೆದಿದೆ. ಕಳೆದ ದಸರೆಯ ರಜೆಯಲ್ಲಿ ನಮ್ಮ ತಂಗಿಯ ಮಗಳು ತನ್ನ ಇಬ್ಬರು ಮಕ್ಕಳೊಡನೆ ನಮ್ಮಲ್ಲಿಗೆ ಬಂದಿದ್ದಳು. ಮಧ್ಯಾಹ್ನದ ಊಟವಾಗಿ ಮಕ್ಕಳು ಮಲಗಿದ ಸಮಯದಲ್ಲಿ ಅವಳು ಒಂದು ಹಿಂದೀ ವಾಕ್ಚಿತ್ರವನ್ನು ಹಾಕಿಕೊಂಡು ಕುಳಿತಳು. ನಾವು ಎಲೆಯಡಕೆಯ ತಟ್ಟೆಯನ್ನು ಮುಂದಿಟ್ಟುಕೊಂಡು, ಅರೆಗಣ್ಣಿನಿಂದ ನೋಡತೊಡಗಿದವರು ಕೊನೆಯವರೆಗೂ ನೋಡಿ ಮುಗಿಸಿದೆವು. ಅದೇಕೆಂಬುದನ್ನು ಮುಂದೆ ಹೇಳುವೆವು.

ಚಿತ್ರದ ಹೆಸರು ‘ಲೇಡೀಸ್ ವರ್ಸಸ್ ರಿಕ್ಕಿ ಬಹ್ಲ್’. ಸ್ತ್ರೀಯರು ವಾದಿಗಳು, ರಿಕ್ಕಿ ಬಹ್ಲನೆಂಬವನು ಪ್ರತಿವಾದಿ ಎಂದು ದಾವೆಯ ಕಾಗದದ ತಲೆಬರಹದಂತಿರುವ ಈ ಹೆಸರಿನಲ್ಲಿಯೇ ಅರ್ಧ ಕಥೆಯು ಅಡಗಿದೆ. ಇದು 2011ನೆಯ ಇಸವಿ ಡಿಸೆಂಬರ್ 9ರಂದು ತೆರೆಗೆ ಬಂದಿತು. ಮುಂಬಯಿಯ ಯಶ್ ರಾಜ್ ಸಂಸ್ಥೆಯವರು ತಯಾರಿಸಿದ್ದು. ನಿರ್ದೇಶಕರು ಮನೀಶ್ ಶರ್ಮಾ. ಸರಿಯಾಗಿ ಒಂದು ವರ್ಷ ಮುಂಚೆ, 2010ರ ಡಿಸೆಂಬರಿನಲ್ಲಿ, ಇದೇ ನಿರ್ದೇಶಕರು ಇದೇ ರಣವೀರ್ ಸಿಂಗ್ ಮತ್ತು ಅನುಷ್ಕಾ ಶರ್ಮಾ ಎಂಬ ನಟನಟಿಯರನ್ನು ಇಟ್ಟುಕೊಂಡು ‘ಬ್ಯಾಂಡ್ ಬಾಜಾ ಬಾರಾತ್’ ಎಂಬ ಚಿತ್ರವನ್ನು ಮಾಡಿದ್ದರು. ಅದು ದಿಲ್ಲಿಯಲ್ಲಿ ಪರರ ಮದುವೆಗಳನ್ನು ಗುತ್ತಿಗೆ ಹಿಡಿದು ನಡೆಸಿಕೊಡುವ ಇಬ್ಬರ ಕಥೆ. ಮದುವೆಯನ್ನು ಕಟ್ಟುವವರಿಂದ ಮದುವೆಯ ಆಸೆಯನ್ನು ಕೆಡಿಸುವವನ ಕಡೆಗೆ ಒಂದೇ ವರ್ಷದಲ್ಲಿ ತಿರುಗಿದ್ದು ಸ್ವಾರಸ್ಯವಾಗಿದೆ.

ಕಥೆಯನ್ನು ಸಂಗ್ರಹವಾಗಿ ಹೇಳುವೆವು. ದಿಲ್ಲಿಯಲ್ಲಿ ಡಿಂಪಲ್ ಚಡ್ಡಾ ಎಂಬ ಹಣವಂತರ ಮನೆಯ ಹುಡುಗಿ. ಬಾಯಿ ತೆರೆದರೆ ಮುಚ್ಚುವುದನ್ನು ಅರಿಯಳು. ಅಲ್ಲಿ ನಮ್ಮ ವಂಚಕನು ಸನ್ನಿ ಎಂಬ ವ್ಯಾಯಾಮಶಿಕ್ಷಕ. ಹುಡುಗಿಯನ್ನು ಒಲಿಸಿಕೊಂಡು, ಅವಳಿಗಿಂತ ಹೆಚ್ಚಾಗಿ ಅವಳ ತಂದೆಯನ್ನು ಒಲಿಸಿಕೊಂಡು, ಆ ತಂದೆಯ ಹಣದೊಡನೆ ಮಾಯವಾಗುತ್ತಾನೆ. ಮುಂಬಯಿಯಲ್ಲಿ ರೈನಾ ಪರೂಳೇಕರ್ ಎಂಬವಳು ದೊಡ್ಡ ಕಚೇರಿಯ ಅಧಿಕಾರಿಣಿ. ಯಾರಿಗೂ ಸೊಪ್ಪು ಹಾಕದ ಗಟ್ಟಿಗಿತ್ತಿ. ಅಲ್ಲಿ ಇವನು ದೇವೆನ್ ಶಾ ಎಂಬ ಚಿತ್ರಕಲೆಯ ಮರ್ಮಜ್ಞ, ಎಂ. ಎಫ್. ಹುಸೇನರ ಚಿತ್ರವೆಂದು ಹೇಳಿ ನಕಲಿಯೊಂದನ್ನು ಅವಳಿಗೆ ಕಟ್ಟುತ್ತಾನೆ. ಲಖನೌ ನಗರದಲ್ಲಿ ಸಾಯಿರಾ ಎಂಬ ತರುಣ ವಿಧವೆ, ಕಣ್ಣೆತ್ತಿ ಮಾತಾಡದವಳು. ಅಲ್ಲಿ ಇವನು ಇಕ್ಬಾಲ್ ಖಾನ್ ಎಂಬ ಮೃದುಭಾಷಿ. ಮೂರು ಊರು, ಮೂರು ಹೆಸರು; ವೇಷ, ನಡೆ, ಮತಗಳು ಕೂಡ ಊರಿಗೆ ತಕ್ಕಂತೆ ಬದಲಾಗುತ್ತವೆ. ಮುಖವೊಂದೇ.

ಈ ಮೂವರಲ್ಲಿ ಡಿಂಪಲ್ಲಳ ಪಾತ್ರವನ್ನು ವಹಿಸಿದ ಪರಿಣೀತಿ ಚೋಪ್ರಾ ಎಂಬಾಕೆಗೆ ಇದು ಮೊದಲನೆಯ ಚಿತ್ರ. ಆದರೂ ಆಕೆ ತೆರೆಯ ಮೇಲೆ ಬಂದಾಗಲೆಲ್ಲ ನಾಯಕನಾಯಕಿಯರು ಮಂಕಾಗಿ ತೋರುವರು. ನಮ್ಮ ಅಭಿಪ್ರಾಯದಲ್ಲಿ ಚಿತ್ರದ ನಗೆಯ ಮುಕ್ಕಾಲು ಪಾಲು ಆಕೆಯದು. ಉಳಿದ ಕಾಲು ಪಾಲಿಗಾಗಿ ನಾಲ್ಕಾರು ಹಾಡುಗಳನ್ನು ಸಹಿಸಿಕೊಳ್ಳಬೇಕು.

ಇಂಥ ವಂಚಕನ ಬಂಡವಾಳವೇನು? ರೂಪವೆಂದು ಹುಡುಗರು ಹೇಳಿಯಾರು. ಚಿತ್ರವನ್ನು ನಿಧಾನಿಸಿ ನೋಡಿದರೆ ಹಾಗೆ ತೋರುವುದಿಲ್ಲ. ಅವನು ಎಲ್ಲಿಯೂ ಬಲಾತ್ಕಾರ ಮಾಡುವುದಿಲ್ಲ, ಬೀಗ ಒಡೆಯುವುದಿಲ್ಲ, ಹಣವನ್ನು ಬಾಯಿಬಿಟ್ಟು ಕೇಳುವುದು ಕೂಡ ಕಡಿಮೆ. ಎದುರಿಗಿರುವವರಿಗೆ ಯಾವುದು ಇಲ್ಲವೋ ಅದನ್ನು ಮೊದಲ ದಿನವೇ ಗುರುತಿಸುತ್ತಾನೆ. ಎಷ್ಟು ಮಾತಾಡಿದರೂ ಯಾರೂ ಕಿವಿಗೊಡದ ಹುಡುಗಿಗೆ ಕಿವಿಗೊಡುತ್ತಾನೆ. ಎಲ್ಲರೂ ಹೆದರುವ ಅಧಿಕಾರಿಣಿಯ ಎದುರಿಗೆ ಹೆದರದೆ ನಿಲ್ಲುತ್ತಾನೆ. ಬದುಕು ಮುಗಿಯಿತೆಂದು ಜನರು ನಿರ್ಣಯಿಸಿಬಿಟ್ಟಿರುವ ವಿಧವೆಗೆ, ಮುಗಿದಿಲ್ಲವೆಂದು ಹೇಳುತ್ತಾನೆ. ಇದನ್ನು ಮಾಡಬೇಕಾದವರು ಆಯಾ ಮನೆಯವರು. ಅವರು ಮಾಡದೆ ಬಿಟ್ಟ ಕೆಲಸವನ್ನು ಈ ಧೂರ್ತನು ಕೂಲಿಗೆ ಮಾಡಿಕೊಟ್ಟು, ಕೂಲಿಯನ್ನು ಹೇಳದೆ ಕೇಳದೆ ತೆಗೆದುಕೊಂಡು ಹೋಗುತ್ತಾನೆ.

ನಕಲಿ ಚಿತ್ರದ ಮಾತು ಬಂದುದರಿಂದ ಒಂದು ವಿಷಯ. ಹುಸೇನರು 2011ರ ಜೂನ್ 9ರಂದು ಲಂಡನ್ನಿನಲ್ಲಿ ತೀರಿಕೊಂಡರು. ಅದಾಗಿ ಸರಿಯಾಗಿ ಆರು ತಿಂಗಳಿಗೆ, ಅದೇ ತಾರೀಖಿನಲ್ಲಿ, ಅವರ ಹೆಸರಿನ ನಕಲಿಯನ್ನು ಮಾರುವ ಈ ಕಥೆ ಬಿಡುಗಡೆಯಾಯಿತು. ಕಾಕತಾಳೀಯವೆಂಬುದಕ್ಕೆ ತರಗತಿಯಲ್ಲಿ ಹೇಳಬಹುದಾದ ಉದಾಹರಣೆ. ನಕಲಿ ಚಿತ್ರವನ್ನು ಕೊಳ್ಳುವವರು ಕೊಳ್ಳುವುದು ಚಿತ್ರವನ್ನಲ್ಲ, ಹೆಸರನ್ನು. ಮದುವೆಯ ಮಾತಿನಲ್ಲಿಯೂ ನಾವು ಎಷ್ಟೋ ವೇಳೆ ಹೆಸರನ್ನೇ ಕೊಳ್ಳುವೆವು. ಕಂಪೆನಿಯ ಹೆಸರು, ಮನೆತನದ ಹೆಸರು, ದೂರದೇಶದ ಹೆಸರು.

ಇಂಥ ವಂಚನೆಯು ಹೊಸ ಕಾಲದ ಕೇಡೆಂದು ನಿಟ್ಟುಸಿರುಬಿಡುವ ಹಿರಿಯರಿಗೆ ನಾವು ಕಥಾಸರಿತ್ಸಾಗರವನ್ನು ತೋರಿಸಬೇಕಾಗುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು, ಅನಂತರಾಜನ ಮಡದಿಯಾದ ಸೂರ್ಯವತಿಯ ಚಿತ್ತವಿನೋದಕ್ಕಾಗಿ ಈ ಮಹಾಗ್ರಂಥವನ್ನು ರಚಿಸಿದನು. ಅದರ ಐದನೆಯ ಲಂಬಕದಲ್ಲಿ ಶಿವ, ಮಾಧವ ಎಂಬ ಇಬ್ಬರು ಧೂರ್ತರ ಕಥೆಯುಂಟು. ವಾಚಕರಲ್ಲಿ ಹಲವರು ಇದನ್ನು ಕೇಳಿರಲಾರರಾದುದರಿಂದ ಸ್ವಲ್ಪ ವಿಸ್ತರಿಸಿ ಹೇಳುವೆವು.

ರತ್ನಪುರದವರಾದ ಈ ಇಬ್ಬರೂ ತಮ್ಮ ಊರಿನ ಹಣವಂತರನ್ನೆಲ್ಲ ಬರಿದುಮಾಡಿ ಆದ ಮೇಲೆ ಉಜ್ಜಯಿನಿಯ ಕಡೆಗೆ ಕಣ್ಣು ಹಾಯಿಸಿದರು. ಅಲ್ಲಿ ರಾಜಪುರೋಹಿತನಾದ ಶಂಕರಸ್ವಾಮಿಯು ಮಹಾಧನಿಕ, ಮಹಾಲೋಭಿ, ಅವನಿಗೊಬ್ಬ ಮಗಳು. ಮಾಧವನು ಬಂಧುಗಳ ಕಾಟದಿಂದ ದಕ್ಷಿಣದೇಶವನ್ನು ಬಿಟ್ಟು ಬಂದ ರಾಜಪುತ್ರನ ವೇಷ ಹಾಕಿ, ಪರಿವಾರದೊಡನೆ ಊರ ಹೊರಗೆ ಇಳಿದನು. ಶಿವನು ಒಬ್ಬನೇ ಶಿಪ್ರಾ ನದಿಯ ದಡದಲ್ಲಿ ಒಂದು ಗುಡಿಸಿಲು ಹಿಡಿದು, ಮೃತ್ತಿಕೆ, ದರ್ಭೆ, ಭಿಕ್ಷಾಪಾತ್ರೆ, ಕೃಷ್ಣಾಜಿನಗಳನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಹರಡಿಕೊಂಡು ಬ್ರಹ್ಮಚಾರಿಯಾಗಿ ಕುಳಿತನು. ಬೆಳಗ್ಗೆ ಮೈಗೆ ಮಣ್ಣು ಮೆತ್ತಿಕೊಂಡು ನೀರಿನಲ್ಲಿ ತಲೆಕೆಳಗಾಗಿ ಮುಳುಗುವನು. ಮೂರೇ ಮನೆಗಳಲ್ಲಿ ಭಿಕ್ಷೆ ಬೇಡಿ, ಅನ್ನವನ್ನು ಮೂರು ಪಾಲುಮಾಡಿ, ಒಂದನ್ನು ಕಾಗೆಗಳಿಗೂ ಒಂದನ್ನು ಅತಿಥಿಗೂ ಇಟ್ಟು ಒಂದನ್ನು ತಾನುಣ್ಣುವನು. ಹೊತ್ತು ಮುಳುಗುವವರೆಗೂ ಜಪಮಣಿಗಳನ್ನು, ತನ್ನ ಪಾಪಗಳನ್ನೇ ಎಣಿಸುತ್ತಿರುವಂತೆ, ನಿಧಾನವಾಗಿ ಎಣಿಸುವನು. ಊರೆಲ್ಲ ಅವನಿಗೆ ಮರುಳಾಯಿತು. ಮಾಧವನು ಒಂದು ದಿನ ಹೊಳೆಗೆ ಬಂದು, ಎಲ್ಲರೂ ನೋಡುವಂತೆ ಅವನ ಕಾಲಿಗೆರಗಿ, ಇಂಥ ತಪಸ್ವಿ ಬೇರೆಲ್ಲಿಯೂ ಇಲ್ಲವೆಂದು ಸಾರಿದನು.

ಬಳಿಕ ಮಾಧವನು ಕಾಣಿಕೆಗಳನ್ನಿತ್ತು ಪುರೋಹಿತನ ಸ್ನೇಹ ಸಂಪಾದಿಸಿ, ಅವನ ಮನೆಯಲ್ಲಿಯೇ ಬೀಡುಬಿಟ್ಟು, ಒಂದು ಪೆಟ್ಟಿಗೆ ತುಂಬ ಆಭರಣಗಳನ್ನು ಅವನ ಭಂಡಾರದಲ್ಲಿ ಇಡಿಸಿದನು. ಕೆಲವು ದಿನ ಊಟ ಬಿಟ್ಟು ದೇಹವನ್ನು ಒಣಗಿಸಿಕೊಂಡು, ತಾನು ಉಳಿಯುವುದಿಲ್ಲವೆಂದೂ, ಸರ್ವಸ್ವವನ್ನೂ ಸತ್ಪಾತ್ರನೊಬ್ಬನಿಗೆ ದಾನಮಾಡಬೇಕೆಂದೂ ಕ್ಷೀಣಸ್ವರದಲ್ಲಿ ಹೇಳಿದನು. ಕರೆತಂದ ಬ್ರಾಹ್ಮಣರಲ್ಲಿ ಯಾರೂ ಅವನ ಮನಸ್ಸಿಗೆ ಬರಲಿಲ್ಲ. ಕೊನೆಗೆ ನದೀತೀರದ ತಪಸ್ವಿಯ ಹೆಸರು ಬಂದಿತು. ಪುರೋಹಿತನು ತಾನೇ ಓಡಿದನು. ತಪಸ್ವಿಯು ಧನವೇಕೆ, ದಾರವೇಕೆ ಎಂದು ನಿರಾಕರಿಸಿದನು. ಪುರೋಹಿತನು ಗೃಹಸ್ಥಾಶ್ರಮವೇ ಎಲ್ಲ ಆಶ್ರಮಗಳಿಗೂ ಮೇಲೆಂದು ಅವನಿಗೆ ಧರ್ಮಶಾಸ್ತ್ರವನ್ನು ಬೋಧಿಸಿ, ತನ್ನ ಮಗಳನ್ನೇ ಕೊಡುವೆನೆಂದನು. ನೋಡಿರಿ ಚಮತ್ಕಾರವನ್ನು! ಬಲೆಯೊಳಗೆ ಬೀಳಬೇಕಾದವನೇ ಬಲೆಗಾರನನ್ನು ಅಂಗಲಾಚಿ ಬೇಡುತ್ತಿದ್ದಾನೆ. ಮದುವೆಯಾಯಿತು, ದಾನವಾಯಿತು. ರತ್ನದ ಬೆಲೆ ತನಗೆ ತಿಳಿಯದೆಂದು ಹೇಳಿ ಅಳಿಯನು ಪೆಟ್ಟಿಗೆಯನ್ನು ಮಾವನ ಕೈಗೇ ಕೊಟ್ಟನು. ಕೆಲವು ಕಾಲದ ಮೇಲೆ ಅದರ ಬೆಲೆಯೆಂದು ಮಾವನ ಆಸ್ತಿಯನ್ನೆಲ್ಲ ಪತ್ರ ಬರೆಸಿ ತೆಗೆದುಕೊಂಡನು. ಮುಂದೆ ಪುರೋಹಿತನು ಒಂದೊಡವೆಯನ್ನು ಮಾರಲು ಹೋದಾಗ ತಿಳಿದುದೇನೆಂದರೆ, ಎಲ್ಲವೂ ಹಿತ್ತಾಳೆಯಲ್ಲಿ ಕೂಡಿಸಿದ ಬಣ್ಣದ ಗಾಜು ಮತ್ತು ಸ್ಫಟಿಕದ ಚೂರುಗಳು.

ಪುರೋಹಿತನು ರಾಜನಲ್ಲಿಗೆ ದೂರು ಒಯ್ದನು. ತನಗೆ ರತ್ನಪರೀಕ್ಷೆ ತಿಳಿಯದೆಂದು ಮೊದಲೇ ಹೇಳಿದ್ದೆನೆಂದು ಶಿವನೂ, ತಾನು ಇವನಿಂದ ಒಂದು ಕಾಸನ್ನೂ ತೆಗೆದುಕೊಂಡಿಲ್ಲವೆಂದು ಮಾಧವನೂ ವಾದಿಸಿದರು. ರಾಜನೂ ಮಂತ್ರಿಗಳೂ ನಕ್ಕುಬಿಟ್ಟರು. ಪುರೋಹಿತನು ತಲೆ ತಗ್ಗಿಸಿ ಹೊರಟುಹೋದನು. ಧೂರ್ತರಿಬ್ಬರೂ ರಾಜನ ಕೃಪೆಗೆ ಪಾತ್ರರಾಗಿ ಸುಖವಾಗಿದ್ದರು.

ಈ ಕಥೆಯನ್ನು ನಾವು ಎಷ್ಟು ವರ್ಷ ಪಾಠ ಹೇಳಿದೆವೋ ಲೆಕ್ಕವಿಲ್ಲ. ಹೇಳಿದಾಗಲೆಲ್ಲ ಹುಡುಗರು ನಕ್ಕರು, ನಾವೂ ನಕ್ಕೆವು. ಲೋಭಕ್ಕೆ ತಕ್ಕ ಶಾಸ್ತಿಯೆಂದು ತಾತ್ಪರ್ಯವನ್ನು ಬರೆಸಿದೆವು. ಆದರೆ ಎರಡು ಸಂಗತಿಗಳು ನಮಗೆ ಅರವತ್ತು ವರ್ಷವಾಗುವವರೆಗೂ ಹೊಳೆಯಲಿಲ್ಲ. ಮೊದಲನೆಯದು, ಆ ನಗೆ. ಮೋಸಹೋದವನು ಧೈರ್ಯಮಾಡಿ ರಾಜದ್ವಾರಕ್ಕೆ ಬಂದರೆ ಅವನಿಗೆ ದೊರಕಿದುದು ನ್ಯಾಯವಲ್ಲ, ಹಾಸ್ಯ. ಆ ಸಭೆಯನ್ನು ಕಂಡ ಮತ್ತೊಬ್ಬನು ಮುಂದೆಂದಾದರೂ ದೂರು ತಂದಾನೆಯೇ? ಎರಡನೆಯದು, ಆ ಮಗಳು. ತಂದೆಯ ಹಣ ಹೋಯಿತೆಂದು ಕಥೆಯು ಹೇಳುತ್ತದೆ. ಮಗಳ ಬಾಳು ಏನಾಯಿತೆಂದು ಹೇಳುವುದಿಲ್ಲ. ಕಥೆಯುದ್ದಕ್ಕೂ ಅವಳು ಒಂದು ಮಾತನ್ನೂ ಆಡುವುದಿಲ್ಲ. ಕೇಳಿದವಳು ರಾಣಿಯಾದರೂ ಆ ಹುಡುಗಿಯ ಸುದ್ದಿಯನ್ನು ಕೇಳಿದಂತೆ ಕಾಣದು.

ಈ ಹಿಂದೀ ಚಿತ್ರದಲ್ಲಿ ನಮ್ಮನ್ನು ಎಚ್ಚರಿಸಿ ಕುಳ್ಳಿರಿಸಿದುದು ಇಲ್ಲಿಯ ವ್ಯತ್ಯಾಸವೇ. ಮುಂಬಯಿಯ ರೈನಾ ಮೋಸಹೋದ ಮೇಲೆ ಬಾಗಿಲು ಹಾಕಿಕೊಂಡು ಅಳುತ್ತ ಕೂರುವುದಿಲ್ಲ. ತಾನು ಮೋಸಹೋದೆನೆಂದು ನಾಲ್ಕು ಜನರ ಮುಂದೆ ಹೇಳಿಬಿಡುತ್ತಾಳೆ, ಅದು ಸುದ್ದಿಯಾಗುತ್ತದೆ. ಅವಳಿಗೆ ಅದರಿಂದ ಮಾನ ಹೆಚ್ಚುವುದಿಲ್ಲ. ಇಷ್ಟು ಬುದ್ಧಿವಂತೆಯೂ ಮೋಸಹೋದಳಲ್ಲಾ ಎಂದು ಲೋಕವು ನಗುವುದೆಂಬುದನ್ನು ಅವಳು ಬಲ್ಲಳು. ಆದರೆ ಆ ಸುದ್ದಿಯು ದಿಲ್ಲಿಯಲ್ಲಿ ಡಿಂಪಲ್ಲಳನ್ನು ಮುಟ್ಟುತ್ತದೆ. ಲಖನೌವಿನ ಸಾಯಿರಾ ಬಂದು ಸೇರುತ್ತಾಳೆ. ಒಬ್ಬೊಬ್ಬಳೂ ತನ್ನದೇ ಮೂರ್ಖತನವೆಂದು ಎದೆಯಲ್ಲಿ ಹೂತಿಟ್ಟುಕೊಂಡಿದ್ದುದು, ಮೂವರು ಒಂದೆಡೆ ಕೂತೊಡನೆ ಒಬ್ಬನ ಕಸುಬಾಗಿ ಕಾಣಿಸುತ್ತದೆ. ಮೂವರಿಗೂ ಒಬ್ಬರನ್ನೊಬ್ಬರು ಕಂಡರಾಗದು, ಜಗಳವಾಡುತ್ತಲೇ ಜೊತೆಯಾಗುವರು. ಹಾಸ್ಯವು ಆ ಜಗಳದಲ್ಲಿದೆ. ನೋಡುವವರು ಅವರನ್ನು ನೋಡಿ ನಗುವುದಿಲ್ಲ, ಅವರೊಡನೆ ನಗುವರು. ಉಜ್ಜಯಿನಿಯ ಸಭೆಗೂ ಇದಕ್ಕೂ ಇರುವ ಅಂತರವನ್ನು ವಾಚಕರೇ ಅಳೆದುಕೊಳ್ಳಬಹುದು.

ಈ ಘಟ್ಟಕ್ಕೆ ಬಂದಾಗ ನಮ್ಮ ತಂಗಿಯ ಮಗಳು, ತೆರೆಯ ಮೇಲಿನ ಕಣ್ಣನ್ನು ತೆಗೆಯದೆ, “ಮಾವ, ಅವರು ಮೂರು ಜನ ಇದ್ದರು. ನಾನು ಒಬ್ಬಳೇ ಇದ್ದೆ” ಎಂದಳು.

ಆ ದಿನ ಮನೆಯಲ್ಲಿ ನಾವು ಎಂಟು ಜನರಿದ್ದೆವಲ್ಲಾ ಎಂದು ಹೇಳಹೊರಟವರು, ಆ ಎಂಟು ಜನರೂ ಯಾವ ಕಡೆ ನಿಂತಿದ್ದೆವೆಂಬುದು ನೆನಪಾಗಿ ಸುಮ್ಮನಾದೆವು.

2010ನೆಯ ಇಸವಿಯ ಮಾತು. ಅವಳಿಗೆ ಆಗ ಇಪ್ಪತ್ತೆರಡು ವರ್ಷ. ಪರಿಚಯದವರೊಬ್ಬರ ಮೂಲಕ ಒಂದು ಸಂಬಂಧ ಬಂದಿತು. ವರನು ಹೈದರಾಬಾದಿನಲ್ಲಿ ಇಂಜಿನಿಯರನೆಂದೂ, ತಂದೆತಾಯಿಗಳಿಲ್ಲವೆಂದೂ, ಸೋದರತ್ತೆಯೊಬ್ಬಳೇ ದಿಕ್ಕೆಂದೂ ತಿಳಿಯಿತು. ಬಂದವನು ಬಾಗಿಲಲ್ಲಿಯೇ ಹಿರಿಯರಿಗೆಲ್ಲ ಬಗ್ಗಿ ನಮಸ್ಕರಿಸಿದನು. ನಮ್ಮ ಭಾವನವರೊಡನೆ ಅಡಕೆಯ ಧಾರಣೆಯನ್ನು ಮಾತನಾಡಿದನು. ತಂಗಿಯ ಅಡಿಗೆಯನ್ನು ಹೊಗಳಲಿಲ್ಲ. ಎರಡನೆಯ ಸಲ ಹುಳಿಯನ್ನು ಹಾಕಿಸಿಕೊಂಡನು, ಅದು ಹೊಗಳಿಕೆಗಿಂತ ಹೆಚ್ಚು ನಾಟಿತು. ನಮ್ಮ ಬಳಿಗೆ ಬಂದು ಕುಳಿತು, ರಘುವಂಶವನ್ನು ಓದಬೇಕೆಂದು ಬಹಳ ದಿನಗಳಿಂದ ಆಸೆಯೆಂದೂ, ಹೇಳಿಕೊಡುವವರು ಸಿಕ್ಕಲಿಲ್ಲವೆಂದೂ ಹೇಳಿದನು. ಇಪ್ಪತ್ತು ವರ್ಷಗಳಿಂದ ಯಾವ ಹುಡುಗನೂ ನಮ್ಮನ್ನು ಹಾಗೆ ಕೇಳಿರಲಿಲ್ಲ. ಎರಡು ಸರ್ಗಗಳ ಸಾರವನ್ನು ಆ ಮಧ್ಯಾಹ್ನವೇ ಹೇಳಿದೆವು. ಅವನು ಜೇಬಿನಿಂದ ಚಿಕ್ಕ ಪುಸ್ತಕ ತೆಗೆದು ಬರೆದುಕೊಂಡನು. ಸಂಜೆ ನಮ್ಮ ತಂಗಿ ಹೇಗಿದ್ದಾನಣ್ಣ ಎಂದು ಕೇಳಿದಾಗ, ವಿಚಾರಿಸುವುದೇನೂ ಇಲ್ಲವೆಂದು ಹೇಳಿದವರು ನಾವು. ಆ ಮಾತಿನ ಮೇಲೆ ಯಾರೂ ವಿಚಾರಿಸಲಿಲ್ಲ. ಪುರೋಹಿತ ಶಂಕರಸ್ವಾಮಿಯನ್ನು ನೋಡಿ ನಗುವ ಅಧಿಕಾರ ನಮಗೆ ಆ ದಿನವೇ ಹೋಯಿತು.

ನಿಶ್ಚಯತಾಂಬೂಲವಾಯಿತು. ಹೈದರಾಬಾದಿನಲ್ಲಿ ಮನೆ ಹಿಡಿಯುವುದಕ್ಕೆ ಮುಂಗಡವೆಂದು ಎರಡು ಲಕ್ಷ ನಲವತ್ತು ಸಾವಿರ ರೂಪಾಯಿಗಳನ್ನು ಅವನು ಸಾಲವಾಗಿ, ಬಹಳ ಸಂಕೋಚದಿಂದ, ಎರಡು ಸಲ ಬೇಡವೆಂದು ಹೇಳಿ, ಮೂರನೆಯ ಸಲ ತೆಗೆದುಕೊಂಡನು. ಸೋದರತ್ತೆಗೆ ಮಾದರಿ ತೋರಿಸಬೇಕೆಂದು ಹುಡುಗಿಯ ಅಜ್ಜಿಯ ಎರಡೆಳೆಯ ಸರವನ್ನೂ ಒಯ್ದನು. ಮದುವೆಗೆ ಹನ್ನೊಂದು ದಿನಗಳಿರುವಾಗ ಅವನ ಮೊಬೈಲು ನಿಂತುಹೋಯಿತು. ಭಾವನವರು ಹೈದರಾಬಾದಿಗೆ ಹೋಗಿ ಬಂದರು; ಆ ವಿಳಾಸದಲ್ಲಿ ಒಂದು ಹೊಲಿಗೆಯ ಅಂಗಡಿಯಿದ್ದಿತಂತೆ.

ಆ ರಾತ್ರಿ ಹಿರಿಯರೆಲ್ಲ ಕೂತೆವು. ಹುಡುಗಿಯು ಅಳಲಿಲ್ಲ. ಅವನ ಫೋಟೋವನ್ನೂ, ಹಣ ಕಳುಹಿಸಿದ ಬ್ಯಾಂಕಿನ ಚೀಟಿಯನ್ನೂ ಒಂದು ಕವರಿನಲ್ಲಿಟ್ಟುಕೊಂಡು, ಚಪ್ಪಲಿ ಮೆಟ್ಟಿಕೊಂಡು, ಪೊಲೀಸು ಠಾಣೆಗೆ ಹೋಗೋಣವೆಂದು ಬಾಗಿಲಲ್ಲಿ ನಿಂತಿದ್ದಳು. ಮೊದಲು ಬಾಯಿಬಿಟ್ಟವರು ನಾವೇ. “ಆದದ್ದು ಆಯಿತು. ಮಾತು ಹೊಸಿಲು ದಾಟಬಾರದು. ನಾಳೆ ಈ ಹುಡುಗಿಗೆ ಇನ್ನೊಂದು ಮದುವೆ ಆಗಬೇಕು” ಎಂದೆವು. ಎಲ್ಲರೂ ಹೌದೆಂದರು. ಕಂಡವರಿಗೆ ಜಾತಕದಲ್ಲಿ ದೋಷ ತೋರಿತೆಂದು ಹೇಳಿದೆವು. ಹೀಗೆ ಮೋಸಹೋದವರು ತಾವೂ ಸುಳ್ಳಾಡುವವರಾದೆವು. ಅವಳು ಚಪ್ಪಲಿ ಬಿಟ್ಟು ಒಳಕ್ಕೆ ಹೋದಳು.

ನಾಲ್ಕು ವರ್ಷಗಳ ಮೇಲೆ, 2014ರಲ್ಲಿ, ಒಂದು ಮದುವೆಯ ಛತ್ರದಲ್ಲಿ ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕಕ್ಕೆ ನಿವೃತ್ತ ಗುಮಾಸ್ತರೊಬ್ಬರು ಕುಳಿತಿದ್ದರು. ಗಂಡುಗಳನ್ನು ನಂಬುವ ಕಾಲವಲ್ಲವೆಂದು ಮಾತು ಹೊರಟಿತು. ಅವರ ಮಗಳಿಗೆ ಬಂದವನು ಪುಣೆಯವನಂತೆ, ತಂದೆತಾಯಿಗಳಿಲ್ಲ, ಸೋದರತ್ತೆಯೊಬ್ಬಳೇ. ನಮಗೆ ತುತ್ತು ಗಂಟಲಲ್ಲಿ ನಿಂತಿತು. ಅಲ್ಲಿ ಮದುವೆಯೂ ನಡೆದುಹೋಗಿತ್ತು. ಒಂದು ತಿಂಗಳಿಗೆ ಅವನು ಹೊರಟುಹೋದನು. ಇವರು ಮಗಳ ಹೆಸರಿನ ನಿವೇಶನವನ್ನು ಮಾರಿದ್ದರು. ಫೋಟೋ ತೋರಿಸಿದರು. ಅವನೇ. ನಾವು ತಡೆಯಲಾರದೆ ನಮ್ಮ ಮನೆಯ ಸಂಗತಿಯನ್ನು ಹೇಳಿದೆವು. ಅವರು ಕೇಳಿದ್ದು ಒಂದೇ ಮಾತು: “ನಿಮ್ಮಲ್ಲಿಗೆ ಬಂದದ್ದು ಯಾವ ವರ್ಷ?”

“ಎರಡು ಸಾವಿರದ ಹತ್ತು.”

“ನಮ್ಮದು ಹನ್ನೆರಡು” ಎಂದರು. ಆಮೇಲೆ ಎಲೆಯ ಕಡೆಗೆ ಬಗ್ಗಿ, ಮಜ್ಜಿಗೆ ಬಡಿಸುವವನನ್ನು ಕರೆದರು. ಮತ್ತೆ ನಮ್ಮ ಕಡೆ ತಿರುಗಲಿಲ್ಲ.

ನಾವು ದೂರು ಕೊಟ್ಟಿದ್ದರೆ ಅವನು ಸಿಕ್ಕಿಬೀಳುತ್ತಿದ್ದನೆಂದು ಹೇಳುವ ಹಾಗಿಲ್ಲ. ಆದರೆ ಆ ಫೋಟೋ ಎಲ್ಲಿಯಾದರೂ ಒಂದು ಕಡತದಲ್ಲಿ ಇರುತ್ತಿದ್ದಿತು. ನಾಲ್ಕು ಜನರ ಬಾಯಲ್ಲಿ ಅವನ ಚಹರೆ ಇರುತ್ತಿದ್ದಿತು. ನಮ್ಮ ಮೌನದಿಂದ ನಮ್ಮ ಮನೆಯ ಮಾನ ಎಷ್ಟು ಉಳಿಯಿತೋ ತಿಳಿಯದು; ಅವನಿಗೆ ಮಾತ್ರ ಎರಡು ವರ್ಷದ ಅವಕಾಶ ದೊರಕಿತು.

ಚಿತ್ರದ ಉಳಿದ ಭಾಗಕ್ಕೆ ಬರುವೆವು. ಮೂವರು ಸ್ತ್ರೀಯರೂ ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಲು ನಿಶ್ಚಯಿಸಿ, ವಂಚಕನು ಗೋವೆಯಲ್ಲಿ ವಿಕ್ರಮ್ ಥಾಪರ್ ಎಂಬ ಹೊಸ ಹೆಸರಿನಲ್ಲಿರುವುದನ್ನು ಪತ್ತೆಹಚ್ಚಿ, ಇಶಿಕಾ ಎಂಬ ಮಾತುಗಾತಿಯಾದ ಅಂಗಡಿಯ ಮಾರಾಟದ ಹುಡುಗಿಗೆ ಹಣ ಕೊಟ್ಟು ಕಳುಹಿಸುವರು. ಅವಳು ಸಿರಿವಂತೆಯಾಗಿ ನಟಿಸಿ ಅವನನ್ನು ಮರುಳುಮಾಡಬೇಕು. ಸಾಲು ಸಾಲಾಗಿ ಜನರಿಗೆ ಬೇಡದ ಸಾಮಾನನ್ನು ಮಾರಿದವಳಿಗೆ ಇದು ಕಷ್ಟವಾಗುವುದಿಲ್ಲ. ವಂಚಕನಿಗೂ ಅವಳಿಗೂ ನಿಜವಾದ ಪ್ರೇಮ ಅಂಕುರಿಸುವುದು; ಗುಟ್ಟು ಬಯಲಾಗುವುದು; ಕೊನೆಗೆ ಅವನು ಪಶ್ಚಾತ್ತಾಪಗೊಂಡು ಮೂವರ ಹಣವನ್ನೂ ಹಿಂದಿರುಗಿಸಿ ಕ್ಷಮೆ ಪಡೆಯುವನು. ಗೋವೆಯ ಭಾಗವು ಉದ್ದವಾಯಿತು. ಕಡಲತೀರದಲ್ಲಿ ನರ್ತನಗಳು ನಡೆಯುತ್ತಿದ್ದಾಗ ನಾವು ಎದ್ದು ಹೋಗಿ ಗಿಡಗಳಿಗೆ ನೀರು ಹಾಕಿ ಬಂದೆವು, ಕಥೆ ಅಲ್ಲಿಯೇ ಇದ್ದಿತು.

ಈ ಕೊನೆಯು ನಮಗೆ ಸಮ್ಮತವಲ್ಲ. ಹೆಸರಿನಲ್ಲಿ ದಾವೆಯುಂಟು, ಚಿತ್ರದಲ್ಲಿ ತೀರ್ಪಿಲ್ಲ. ಹಣ ಬಂದಿತೆಂದರೆ ಲೆಕ್ಕ ಮುಗಿಯಿತೆಂದು ನಿರ್ದೇಶಕರು ತಿಳಿದಂತಿದೆ. ಡಿಂಪಲ್ಲಳ ತಂದೆಗೆ ಅದು ಸರಿಯಿರಬಹುದು. ಆದರೆ ಮತ್ತೆ ಬದುಕಬಹುದೆಂದು ನಂಬಿ ಬಾಗಿಲು ತೆರೆದಿದ್ದ ಸಾಯಿರಾಳಿಗೆ ಇವನು ಏನನ್ನು ಹಿಂದಿರುಗಿಸಿದನು? ಆಕೆಯು ಮನೆಯವರ ಮುಖ ನೋಡಿದ ತಿಂಗಳುಗಳನ್ನು ಚಿತ್ರವು ತೋರಿಸುವುದಿಲ್ಲ. ಈ ಮೂವರಿಗಿಂತ ಮುಂಚೆ ಮೋಸಹೋದವರ ಗತಿಯೇನೆಂಬುದನ್ನೂ ಕೇಳುವುದಿಲ್ಲ. ಸುಂದರನಾದ ನಟನು ತಲೆ ತಗ್ಗಿಸಿ ನಿಂತರೆ ನೋಡುವವರ ಮನಸ್ಸು ಕರಗುವುದೆಂಬುದು ವ್ಯಾಪಾರದ ಲೆಕ್ಕ. ನೋಡಿದರೆ ಇದೂ ಅವನ ಹಳೆಯ ಕಸುಬೇ; ಈ ಸಲ ಮರುಳಾದವರು ನಾವು.

ನಿಜವಾದ ದಾವೆಯ ವಿಚಾರವಾಗಿ ಗೃಹಸ್ಥರಿಗೆ ತಿಳಿದಿರಬೇಕಾದ ಎರಡು ಮಾತುಗಳನ್ನು ಇಲ್ಲಿಯೇ ಹೇಳಿಬಿಡುವೆವು. ಮೋಸವನ್ನು ದಂಡಿಸುತ್ತಿದ್ದ ಹಳೆಯ ದಂಡಸಂಹಿತೆಯ 420ನೆಯ ಕಲಮು ಎಷ್ಟು ಪ್ರಸಿದ್ಧವಾಗಿತ್ತೆಂದರೆ, ಆ ಸಂಖ್ಯೆಯೇ ಬೈಗುಳವಾಗಿ, 1955ರಲ್ಲಿ ರಾಜ್ ಕಪೂರರ ಚಿತ್ರಕ್ಕೆ ಹೆಸರೂ ಆಯ್ತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ನ್ಯಾಯಸಂಹಿತೆಯು ಜಾರಿಗೆ ಬಂದಿದೆ. ಮೋಸಕ್ಕೆ ಅದರಲ್ಲಿ 318ನೆಯ ಕಲಮು. ಮತ್ತೊಬ್ಬನೆಂದು ಸೋಗುಹಾಕಿ ವಂಚಿಸುವುದಕ್ಕೆ 319. ಗುರುತನ್ನು ಮರೆಮಾಚಿ ಮದುವೆಯಾಗಿ, ಅಥವಾ ನೆರವೇರಿಸುವ ಉದ್ದೇಶವಿಲ್ಲದೆ ಮದುವೆಯ ಮಾತು ಕೊಟ್ಟು, ಹೆಣ್ಣಿನೊಡನೆ ಸಂಸರ್ಗ ಮಾಡುವುದನ್ನು 69ನೆಯ ಕಲಮು ಪ್ರತ್ಯೇಕ ಅಪರಾಧವಾಗಿ ಎಣಿಸಿ, ಹತ್ತು ವರ್ಷಗಳವರೆಗೆ ಕಾರಾಗೃಹವಾಸವನ್ನು ವಿಧಿಸಿದೆ. ಅಂತರಜಾಲದ ಮೂಲಕ ಗಂಡು ಹುಡುಕುವವರು ಈಗ ಬಹಳ. 2016ರಲ್ಲಿ ಕೇಂದ್ರ ಸರ್ಕಾರವು ಇಂಥ ವಿವಾಹತಾಣಗಳಿಗೆ ಸದಸ್ಯರ ಗುರುತಿನ ದಾಖಲೆಗಳನ್ನು ಪಡೆಯಬೇಕೆಂದು ಸೂಚನೆಗಳನ್ನು ಕೊಟ್ಟಿತು. ಆ ಬಗೆಯ ವಂಚನೆಯಲ್ಲಿ ಹಣ ಹೋದರೆ, ಹೋದ ಗಳಿಗೆಯಲ್ಲಿಯೇ 1930 ಎಂಬ ಸಂಖ್ಯೆಗೆ ದೂರವಾಣಿ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣವು ಮುಂದಿನ ಖಾತೆಗೆ ಹಾರುವುದನ್ನು ತಡೆಯುವ ಸಂಭವ ಹೆಚ್ಚು. ಮನೆಯ ಹಿರಿಯರು ಸಭೆ ಸೇರಿ ಮುಗಿಸುವಷ್ಟು ಹೊತ್ತು ಅದು ಕಾಯುವುದಿಲ್ಲ.

ಸೋಮದೇವನ ಕಾಲದ ಕಾಶ್ಮೀರದವನೇ ಆದ ಕ್ಷೇಮೇಂದ್ರನು ಕಲಾವಿಲಾಸವೆಂಬ ಕಾವ್ಯದಲ್ಲಿ ಒಂದು ವಿಚಿತ್ರ ಗುರುಕುಲವನ್ನು ವರ್ಣಿಸಿದ್ದಾನೆ. ಹಿರಣ್ಯಗುಪ್ತನೆಂಬ ವರ್ತಕನು ತನ್ನ ಮಗನನ್ನು ಕರೆದುಕೊಂಡು ಹೋಗಿ, ಧೂರ್ತರ ಗುರುವಾದ ಮೂಲದೇವನಿಗೇ ಶಿಷ್ಯನಾಗಿ ಒಪ್ಪಿಸುವನು. ಮೋಸದ ಕಲೆಗಳನ್ನೆಲ್ಲ ಹುಡುಗನು ತಿಳಿದಿದ್ದರೆ ಮೋಸಹೋಗಲಾರನೆಂಬುದು ಆ ತಂದೆಯ ಲೆಕ್ಕ. ಇಂಥ ಚಿತ್ರಗಳನ್ನು ಮನೆಯ ಹೆಣ್ಣುಮಕ್ಕಳು ನೋಡಬಾರದೆಂದು ಹೇಳುವವರಿಗೆ ನಾವು ಆ ವರ್ತಕನನ್ನು ತೋರಿಸುವೆವು. ಗಂಡುಮಕ್ಕಳೂ ನೋಡಲಿ, ಮೂರು ಮನೆಯವರಿಗೆ ಮೂರು ಮಾತಾಡುವ ಗೆಳೆಯನನ್ನು ಗುರುತಿಸುವುದಕ್ಕಾದರೂ ಆದೀತು.

ನಮ್ಮ ತಂಗಿಯ ಮಗಳಿಗೆ 2013ರಲ್ಲಿ ಮದುವೆಯಾಯಿತು. ವರನು ನೋಡಲು ಬಂದ ದಿನವೇ ಅವಳು ಅವನನ್ನು ಜಗಲಿಗೆ ಕರೆದು ಹಿಂದಿನದನ್ನೆಲ್ಲ ತಾನೇ ಹೇಳಿದಳಂತೆ. ನಮಗೆ ಇದು ತಿಳಿದುದು ಈ ದಸರೆಯಲ್ಲಿ. ಅಷ್ಟು ವರ್ಷ ನಾವು ಜೋಪಾನಮಾಡಿದ ಗುಟ್ಟನ್ನು ಕೇಳಿ ಆತನು, ಆ ಸರಕ್ಕೆ ಎಷ್ಟು ತೂಕವಿತ್ತು ಎಂದು ಮಾತ್ರ ಕೇಳಿದ್ದನಂತೆ.

ಈ ಲೇಖನವನ್ನು ಬರೆಯುವ ಮುಂಚೆ ಅವಳ ಅನುಮತಿಯನ್ನು ಕೇಳಿದೆವು. “ಊರ ಹೆಸರು, ನನ್ನ ಹೆಸರು ಬೇಡ ಮಾವ. ಮಿಕ್ಕಿದ್ದೆಲ್ಲ ಬರೆಯಿರಿ” ಎಂದಳು. ಬರೆದು ಮುಗಿಸಿ ದೂರವಾಣಿಯಲ್ಲಿ ಓದಿ ಹೇಳಿದೆವು. ನಮ್ಮ ಮೊದಲ ಪ್ರತಿಯಲ್ಲಿ ಹಣವು ಎರಡು ಲಕ್ಷವೆಂದಿದ್ದಿತು, ಸರದ ಪ್ರಸ್ತಾಪವಿರಲಿಲ್ಲ. “ಎರಡು ಲಕ್ಷ ನಲವತ್ತು ಸಾವಿರ. ಅಜ್ಜಿಯ ಎರಡೆಳೆ ಸರ ಬೇರೆ” ಎಂದು ತಿದ್ದಿದಳು. ಅದರಂತೆಯೇ ಮೇಲೆ ತಿದ್ದಿದ್ದೇವೆ.